ಐದು ವರ್ಷದ ನೀಲಿ

ಫ್ಯಾನಿಗೆ ಹಾರದಿರಲೆಂದು ನಕ್ಷೆಯ ಮೂಲೆಗಳಿಗೆ
ನಾಲ್ಕು ಚಹಾ ಲೋಟ ಇಟ್ಟು, ಖುಲ್ನಾದ ಕಚೇರಿಯಲ್ಲಿ
ಹರಿಣಖೋಲಾ ಬೀಲಿಗೆ ನಾನು ನೀಲಿ ಬಳಿದೆ.

ಬೀಲು ಅಂದರೆ ನೆಲದ ತಟ್ಟೆ.
ಅಜ್ಜಂದಿರ ಕಾಲದ ಎಂಜಿನಿಯರರು
ಸುತ್ತ ಒಡ್ಡು ಹಾಕಿದರು, ಉಪ್ಪುನೀರನ್ನು ಹೊರಗೆ ನಿಲ್ಲಿಸಿದರು,
ಗೆದ್ದೆವೆಂದು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು.
ಹೊರಗೆ ನಿಂತ ನೀರು ಸುಮ್ಮನೆ ನಿಲ್ಲಲಿಲ್ಲ.
ದಿನಕ್ಕೆರಡು ಸಲ ಬಂದು, ಬಾಗಿಲು ತಟ್ಟಿ ನೋಡಿ,
ಹೊತ್ತು ತಂದ ಮಣ್ಣನ್ನು ಹೊಸಿಲಲ್ಲೇ ಇಳಿಸಿ ಹೋಯಿತು.
ಅರವತ್ತು ವರ್ಷ.
ಈಗ ನದಿ ಮೇಲೆ, ಊರು ಕೆಳಗೆ.
ಶ್ರಾವಣದ ಮಳೆ ಚೈತ್ರ ಬಂದರೂ
ಶಾಲೆಯ ಬೆಂಚಿನ ಕಾಲು ಬಿಡುವುದಿಲ್ಲ.

ಸಭೆಯೂ ಆ ಶಾಲೆಯಲ್ಲೇ. ನೀರಿಗೆ ತಾಗದಂತೆ
ಬೆಂಚಿನ ಮೇಲೆ ಕಾಲು ಮಡಿಚಿ ಕೂತ ಜನಕ್ಕೆ ಹೇಳಿದೆ:
ಒಡ್ಡು ಕಡಿಯೋಣ. ಉಬ್ಬರ ಒಳಗೆ ಬರಲಿ,
ಮಣ್ಣು ಚೆಲ್ಲಿ, ಇಳಿತದಲ್ಲಿ ಖಾಲಿ ಕೈಲಿ ಹೋಗಲಿ.
ಐದು ವರ್ಷ ಬೆಳೆ ಇಲ್ಲ. ಆಮೇಲೆ ನೆಲ ಎದ್ದಿರುತ್ತದೆ.
ಆಮೇಲೆ ಪಕ್ಕದ ಬೀಲಿನ ಸರದಿ, ಅದರ ಪಕ್ಕದ್ದು.
ಸಮುದ್ರ ಏರುತ್ತಿದೆ, ಅದರ ಜೊತೆ ನಾವೂ ಏರಬೇಕಲ್ಲ.

ನಿರಾಪದ ಬಿಶ್ವಾಸ್ ಹಲ್ಲಿಲ್ಲದ ಬಾಯಲ್ಲಿ ನಕ್ಕ.
"ನನ್ನ ತಾತ ಮಾಡುತ್ತಿದ್ದದ್ದು ಇದನ್ನೇ, ಮಗಳೇ.
ಎಂಟು ತಿಂಗಳಿಗೆ ಮಣ್ಣಿನ ಬದು, ಮಿಕ್ಕ ನಾಲ್ಕು ತಿಂಗಳು ಬಟಾಬಯಲು.
ಅದಕ್ಕೆ ಯಾರೂ ಯೋಜನೆ ಅನ್ನಲಿಲ್ಲ,
ಸುಗ್ಗಿಯ ಮರುದಿನ ಅಂದರು."
ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಪರಿಹಾರದ ಅರ್ಜಿ ಹಂಚುವಾಗ ಕತ್ತಲಾಗಿತ್ತು.
ಹೆಸರು, ಸರ್ವೆ ನಂಬರು, ಹಕ್ಕುಪತ್ರದ ನಕಲು.
ಮೊಯ್ನಾ ಸರ್ದಾರ್ ಕೊನೆಗೆ ಬಂದಳು,
ಏಡಿಬುಟ್ಟಿ ಇನ್ನೂ ಕಂಕುಳಲ್ಲೇ.
"ನೆಲ ಕಾಜಿ ಸಾಹೇಬರದ್ದು. ಪಾಲಿಗೆ ಮಾಡುತ್ತೇನೆ.
ಅದರೊಳಗಿರುವ ನನ್ನ ಹದಿನಾರು ವರ್ಷ
ಯಾವ ಖಾನೆಯಲ್ಲಿ ಬರೆಸಲಿ?"
ಅಂಥ ಖಾನೆ ಇರಲಿಲ್ಲ.
ಪೆನ್ನಿಂದ ಒಂದು ಎಳೆದೆ. ಢಾಕಾದಿಂದ ವಾಪಸು ಬಂತು.
ಮತ್ತೆ ಎಳೆದೆ. ಮತ್ತೆ ಬಂತು.
ಮೂರನೆಯ ಸಲ ಯಾರೋ ದಣಿದವರು ಸಹಿ ಹಾಕಿದರು,
ಕೇಳಿದ್ದರಲ್ಲಿ ಅರ್ಧಕ್ಕೆ.

ಮಾಘದ ಅಮಾವಾಸ್ಯೆ. ಮೊದಲ ಗುದ್ದಲಿ ನಿರಾಪದನದು,
ಎರಡನೆಯದು ಬಿದ್ದದ್ದು ನೋಡಲಿಲ್ಲ, ಕೇಳಿದೆ.
ಆಮೇಲೆ ಮನುಷ್ಯರ ಸದ್ದು ನಿಂತು
ನೀರಿನದು ಶುರುವಾಯಿತು.
ಒಡ್ಡು ಕಡಿದಲ್ಲಿ ಊರು ಬೊಗಸೆ ಒಡ್ಡಿತ್ತು.
ಬೆಳಗಾಗುವಾಗ ನನ್ನ ನೀಲಿ ಬಣ್ಣ
ಎಷ್ಟು ಸುಳ್ಳೆಂದು ಕಂಡಿತು:
ಬಂದ ನೀರು ಕಂದು, ದಪ್ಪ, ಹಸುವಿನ ಮೈಯ ಬಿಸಿ,
ಅದರ ಮೇಲೆ ಯಾರದೋ ರಬ್ಬರ್ ಚಪ್ಪಲಿ.

ಎರಡು ವರ್ಷಕ್ಕೆ ಬಿದಿರುಗಳ ನೆಟ್ಟು ಅಳೆದೆವು.
ಕಂಡಿಯ ಹತ್ತಿರ ಸೊಂಟದ ಮಟ್ಟ,
ನಡುವೆ ಮೊಣಕಾಲು,
ಮೂಡಲ ತುದಿಯಲ್ಲಿ, ಮೊಯ್ನಾಳ ಪಾಲಿನಲ್ಲಿ, ಬರೀ ಒಂದು ಗೇಣು.
ಭಾರ ಹೊತ್ತು ಬಂದವರು ದೂರ ನಡೆಯುವುದಿಲ್ಲ,
ಬಾಗಿಲಲ್ಲೇ ಇಳಿಸುತ್ತಾರೆ. ನನ್ನ ಲೆಕ್ಕದಲ್ಲಿ
ಮಣ್ಣು ಎಲ್ಲರಿಗೂ ಸಮ ಬೀಳಬೇಕಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.
ಹಿಮ್ಮಡಿಯಿಂದ ಕೆಸರಿನ ಮೇಲೆ ಒಂದು ಗೆರೆ ಎಳೆದಳು:
ಸೊಟ್ಟಗೆ, ಹಳೆ ಕಾಲುವೆಯ ನೆನಪು ಹಿಡಿದು,
ಶ್ಮಶಾನದ ಎತ್ತರ ಬಳಸಿ, ಮೂಡಲಿಂದ ಒಳಕ್ಕೆ.
"ಇಲ್ಲಿ ಇನ್ನೊಂದು ಕಂಡಿ. ಸಣ್ಣದು ಸಾಕು.
ಆ ಕಂಡಿ ಮುಚ್ಚಿ, ಒಂದು ವರ್ಷ ಇದು."

ಆ ಗೆರೆ ಯಾವ ನಕ್ಷೆಯಲ್ಲೂ ಇರಲಿಲ್ಲ.
ಉಬ್ಬರ ತಿರುಗಿತ್ತು, ಗೆರೆಯ ಬಾಲ ಆಗಲೇ ಒದ್ದೆ.
ಪೆನ್ಸಿಲು ದೋಣಿಯಲ್ಲಿತ್ತು.
ಸೊಂಟದ ಮಟ್ಟದ ಹೊಸ ಮಣ್ಣಿನಲ್ಲಿ, ಚಪ್ಪಲಿ ಬಿಟ್ಟು,
ಬಿದ್ದು, ಎದ್ದು, ಓಡಿದೆ.