ನಾಲ್ಕು ದಿನಕ್ಕೆ ಎರಡು

ಶುಕ್ರವಾರ ಬ್ಯಾಟ್ಲಿಯ ಇಳಿಜಾರು ಮೈದಾನದಲ್ಲಿ
ಎಂಬತ್ತು ನಿಮಿಷ ಗುದ್ದಾಡಿದವರು
ಸೋಮವಾರ ಮತ್ತೆ ಬೂಟು ಕಟ್ಟಬೇಕು.
ನಡುವೆ ಇರುವುದು ಎರಡೇ ಹಗಲು,
ಅದರಲ್ಲೊಂದು ಈಸ್ಟರ್.

ನಮ್ಮ ಹ್ಯಾಲಮ್ ಪ್ಲಂಬರ್.
ಶನಿವಾರ ನೋರೀನಳ ಬಾಯ್ಲರ್ ರಿಪೇರಿಗೆ ಬಂದಾಗ
ಎಡಗಣ್ಣು ಸುಟ್ಟ ಬದನೆ.
ಸ್ಪ್ಯಾನರ್ ಹಿಡಿಯಲು ಬೆರಳು ಮಡಚಲಾಗದೆ
ಅವಳೇ ನಲ್ಲಿ ತಿರುಗಿಸಿದಳಂತೆ.
"ಸೋಮವಾರ ಆಡ್ತೀಯಾ?"
"ಪಟ್ಟೀಲಿ ಹೆಸರಿದೆಯಲ್ಲ" ಅಂದನಂತೆ,
ಟೀ ಮಾತ್ರ ಎರಡು ಲೋಟ ಕುಡಿದನಂತೆ.

ವೇಳಾಪಟ್ಟಿ ಬರೆದವನು
ತನ್ನ ಮಂಡಿಗೆ ಯಾವತ್ತಾದರೂ
ಐಸ್ ಕಟ್ಟಿಕೊಂಡಿದ್ದುಂಟೇ?
ಬಿಸ್ಕತ್ತು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಹಬ್ಬದ ಡಬಲ್ ಶಿಫ್ಟ್ ಮಾಡಿದವನು ನಾನು,
ನನಗೆ ಗೊತ್ತು:
ಸೊಂಟ ಹಿಡಿದುಕೊಂಡರೂ ಬೆಲ್ಟು ನಿಲ್ಲುವುದಿಲ್ಲ.

ಇಷ್ಟೆಲ್ಲ ಬೈದು
ಸೋಮವಾರ ಹನ್ನೆರಡಕ್ಕೇ ಮಫ್ಲರ್ ಸುತ್ತಿ
ಗೇಟಿನ ಬಳಿ ನಿಂತಿದ್ದೆ.
ಆಟ ಇರದಿದ್ದರೆ
ಆ ಇಡೀ ದಿನವನ್ನು ಎಲ್ಲಿಡಬೇಕೋ
ತಿಳಿಯುತ್ತಿರಲಿಲ್ಲ.

ಹ್ಯಾಲಮ್ ಕುಂಟುತ್ತ ಬಂದ.
ಕಣ್ಣು ಇನ್ನೂ ಅರ್ಧ ಮುಚ್ಚಿತ್ತು.
ಚೆಂಡು ಅವನ ಕೈಗೆ ಸಿಕ್ಕಿತೋ ಇಲ್ಲವೋ
ಗಂಟಲು ಹರಿಯುವಂತೆ ಕೂಗಿದೆ:
"ನುಗ್ಗೋ ಮಾರಾಯ, ನುಗ್ಗು!"

ಪಕ್ಕದಲ್ಲಿದ್ದ ನೋರೀನ್ ನನ್ನತ್ತ ನೋಡಿದಳು.
ನಾಚಿಕೆಯಾಯಿತು.
ಮತ್ತೆ ಕೂಗಿದೆ.