ಮದ್ದಿನ ಪೆಟ್ಟಿಗೆ

ವೋರು ಕಾಡು. ಎಸ್ಟೋನಿಯಾದ ಫೆಬ್ರವರಿ.
ಹನ್ನೊಂದು ಫೋನು ನನ್ನ ಸುಪರ್ದಿಗೆ.
ಹಿಂದೆ ಮದ್ದುಗುಂಡು ತುಂಬಿದ್ದ ಹಸಿರು ಮರದ ಪೆಟ್ಟಿಗೆ,
ಒಳಗಿನ್ನೂ ಎಣ್ಣೆಯ ಕಮಟು.

ಆಜ್ಞೆ ಸರಿಯೇ. ಅದರಲ್ಲಿ ತಕರಾರಿಲ್ಲ:
ಒಬ್ಬ ಹುಡುಗ ಗೆಳತಿಗೆ ಹಿಮದ ಪಟ ಕಳಿಸಿದರೆ ಸಾಕು,
ನಾವೆಲ್ಲಿ ಮಲಗಿದ್ದೇವೆಂದು ಗಡಿಯಾಚೆಗೂ ತಿಳಿಯುತ್ತದೆ.
ಒಬ್ಬೊಬ್ಬರೇ ಬಂದು ಇಟ್ಟರು.
ಕೌಪೊ ಮಾತ್ರ ತನ್ನದನ್ನು ಅಂಗಿಗೆ ಒರೆಸಿ
ಬೋರಲು ಇಟ್ಟ.

ಬೆಳಗಿನ ಜಾವ ಐದೂಕಾಲು.
ಪೆಟ್ಟಿಗೆಯ ಹೊಟ್ಟೆಯಿಂದ ಕೀರಲು ಕೂಗು.
ಆರಿಸಿಟ್ಟರೂ ಹೊತ್ತಿಗೆ ಸರಿಯಾಗಿ ಏಳುವ
ಗುಂಡಿಗಳ ಹಳೆಯ ನೋಕಿಯಾ.
ತೆರೆಯ ಮೇಲೆ ಒಂದೇ ಪದ:
ಮದ್ದು.

ಲೆಫ್ಟಿನೆಂಟ್ ಲೀಸ್ ಟೆಂಟಿನ ಪರದೆ ಸರಿಸಿದಳು.
"ಯಾರದ್ದು? ಮೆಸೇಜು ತೆಗೆದು ಓದು."
ಒಲೆಯ ಸುತ್ತ ಹನ್ನೊಂದು ಮಲಗುಚೀಲ,
ಯಾವುದೂ ಮಿಸುಕಲಿಲ್ಲ.
ಎಚ್ಚರವಿದ್ದವರ ಉಸಿರೇ ಬೇರೆ,
ಅದು ಅವಳಿಗೂ ಗೊತ್ತು.

ಇಟ್ಟುಕೊಳ್ಳುವುದಕ್ಕೆ ರಸೀದಿ ಇದೆ,
ಹನ್ನೊಂದು ಸಹಿ, ಪೆನ್ಸಿಲ್ಲಿನಲ್ಲಿ, ಶಾಯಿ ಹೆಪ್ಪುಗಟ್ಟಿತ್ತಲ್ಲ.
ಓದುವುದಕ್ಕೆ
ಯಾರೂ ಸಹಿ ಹಾಕಿಲ್ಲ.

"ಗುಂಡಿ ಒತ್ತಲು ಬರುತ್ತಿಲ್ಲ, ಚಳಿಗೆ ಸೆಟೆದಿದೆ," ಎಂದೆ.
ಅವಳು ನನ್ನ ಬೆರಳನ್ನೇ ನೋಡಿದಳು.
ಆ ಬೆರಳು ಆಗಷ್ಟೇ ಅಲಾರಂ ನಿಲ್ಲಿಸಿತ್ತು.
ಆಮೇಲೆ ಹೊರಗೆ ಹೋಗಿ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು
ಬೂಟಿನ ಹಿಮ ಕೊಡವಿದಳು.

ಚಹಾಕ್ಕೆ ಎಲ್ಲರ ಲೋಟ ಸಾಲಾಗಿಟ್ಟೆ.
ಕೌಪೊನದಕ್ಕೆ ಮೊದಲು ತಣ್ಣೀರು ಸುರಿದೆ,
ಒಂದು ಗುಟುಕಿಗೆ
ಆಗುವಷ್ಟು.