ಅಂಟಿನ ಲೆಕ್ಕ

ಪ್ಯೋ ಮಲ್ಸುನ್‌ಗೆ ಅರವತ್ತಮೂರು.
ಮೂವತ್ತೊಂದು ವರ್ಷದಿಂದ ಕಂಡವರ ಗೋಡೆಗೆ
ಕಾಗದ ಅಂಟಿಸುತ್ತಾಳೆ.
ಸಿಯೋಲ್, ಗುನ್ಸಾನ್, ಮೊಕ್ಪೊ, ತೆಬೆಕ್,
ವ್ಯಾನು ಹೋದಲ್ಲೆಲ್ಲ ಅದೇ ಬಕೆಟ್ಟು, ಅದೇ ಕುಂಚ,
ಗಂಜಿ ಹಳಸಿದಂಥ ಅದೇ ವಾಸನೆ.

ಕದ ತೆರೆದ ಕೂಡಲೆ ಹೇಳಬಲ್ಲಳು
ಕೊಂಡವರೋ, ಬಾಡಿಗೆಯವರೋ.
ಕೊಂಡವರಿಗೆ ರೇಷ್ಮೆಕಾಗದವೇ ಬೇಕು.
ಹೆಸರಷ್ಟೇ ರೇಷ್ಮೆ, ಮುಟ್ಟಿದರೆ ಪ್ಲಾಸ್ಟಿಕ್ಕು.
ಗೋಡೆಯನ್ನು ತಟ್ಟಿ ತಟ್ಟಿ ನೋಡುತ್ತಾರೆ,
ಸಂತೆಯಿಂದ ಹೊಡೆದುಕೊಂಡು ಬಂದ ಎತ್ತಿನ ಬೆನ್ನು ತಟ್ಟಿದ ಹಾಗೆ.
ತಿಂಗಳ ಬಾಡಿಗೆಯ ಮನೆಗಾದರೆ ಮಾಲೀಕನ ಫೋನು:
‘ಬಿಳಿ. ಎಲ್ಲಕ್ಕಿಂತ ಅಗ್ಗದ್ದು. ಫೋಟೋ ಕಳಿಸಿ.’
ಭೋಗ್ಯದ ಮನೆಯದು ಬೇರೆ ಕತೆ.
ಅಲ್ಲಿ ಕಾಗದದ ಖರ್ಚು ಒಳಬರುವವರದೇ, ಹಳೆಯ ವಾಡಿಕೆ.
ಜೀವಮಾನದ ಇಡುಗಂಟು ಒಪ್ಪಿಸಿ
ಎರಡು ವರ್ಷದ ಸೂರು ಪಡೆದು
ಇನ್ನೊಬ್ಬರ ಗೋಡೆಗೆ ತಮ್ಮ ಹೂವು ಹಚ್ಚಿ
ಬಿಟ್ಟು ಹೋಗುತ್ತಾರೆ.

ಮಧ್ಯಾಹ್ನ ನೂಡಲ್ಸಿನ ಬಟ್ಟಲ ಮುಂದೆ
ಕೈಕೆಳಗಿನ ಹುಡುಗಿ ನಾರೆ ಕೇಳಿದಳು:
‘ಚಿಕ್ಕಮ್ಮಾ, ಕೊಳ್ಳೋದು ಲಾಭವೋ, ಬಾಡಿಗೆಯೋ?’
ಊರೂರಿನ ದರ, ಬ್ಯಾಂಕಿನ ಬಡ್ಡಿ,
ಮೊಬೈಲಿನ ತುಂಬ ಪಟ್ಟಿ ಮಾಡಿಟ್ಟಿದ್ದಳು.

ಮಲ್ಸುನ್ ಪಟ್ಟಿ ನೋಡಲಿಲ್ಲ.
ಕತ್ತರಿಸಿ ಉಳಿದ ಚೂರುಗಳನ್ನು ನೆಲಕ್ಕೆ ಹಾಸಿದಳು.
‘ನನ್ನ ಒಂದು ದಿನದ ಕೂಲಿಗೆ
ಸಿಯೋಲ್‌ನಲ್ಲಿ ಇಷ್ಟು ನೆಲ.’
ಅಂಗೈಯಗಲ. ಹಿಮ್ಮಡಿ ಊರಿದರೆ ಬೆರಳು ಬೀದಿಗೆ.
‘ಮೊಕ್ಪೊದಲ್ಲಿ ಇಷ್ಟು.’
ಚಕ್ಕಳಮಕ್ಕಳ ಕೂರಬಹುದು, ಕಾಲು ನೀಡುವಂತಿಲ್ಲ.
‘ತೆಬೆಕ್‌ನಲ್ಲಿ, ಗಣಿ ಮುಚ್ಚಿದ ಮೇಲೆ,
ಇಕೋ ಇಷ್ಟು.’
ಕೂಸೊಂದನ್ನು ಮಲಗಿಸುವಷ್ಟು.

‘ಹಾಗಾದರೆ ತೆಬೆಕ್ಕೇ!’
‘ಹೂಂ. ಹೋದ ವರ್ಷ ಅಲ್ಲಿ
ನನಗೆ ಸಿಕ್ಕಿದ್ದು ಮೂರು ದಿನದ ಕೆಲಸ.
ಗೋಡೆ ಅಗ್ಗ. ಹಿಂದೆ ಮುಂದೆ ಜನ ಇಲ್ಲ.’

ಮನೆ ಕಟ್ಟಿ ನೋಡು ಅಂದವರು
ಬಾಡಿಗೆ ಕಟ್ಟಿ ನೋಡು ಅನ್ನಲಿಲ್ಲ.
ಎರಡನ್ನೂ ಕಟ್ಟಿ ನೋಡಿದವರು
ಗಾದೆ ಮಾಡುವಷ್ಟು ಪುರುಸೊತ್ತಿನಲ್ಲಿಲ್ಲ.

ನಾರೆಯ ಮಾತು ಅಲ್ಲಿಗೆ ನಿಂತಿತು.
ಅವಳದ್ದೂ ಭೋಗ್ಯದ ಮನೆಯೇ, ಇಂಚಿಯಾನ್‌ನಲ್ಲಿ.
ರಜೆ ಹಾಕಿ, ತಾನೇ, ಎಳೆ ಹಸಿರು ಕಾಗದ ಹಚ್ಚಿದ್ದಳು,
ಮೂಲೆಯಲ್ಲಿ ಒಂದು ಗುಳ್ಳೆಯೂ ಏಳದ ಹಾಗೆ.
ಮಾಲೀಕ ಇಡುಗಂಟಿನ ಸಮೇತ ಪರಾರಿ.
ಮನೆ ಈಗ ಹರಾಜಿನ ಸಾಲಿನಲ್ಲಿದೆ.
ಬಿಟ್ಟರೆ ಹಕ್ಕು ಹೋಗುತ್ತದೆ,
ಇದ್ದರೆ ಹಣ ಬರುವುದಿಲ್ಲ.
ಕೊಂಡದ್ದಲ್ಲ, ಬಾಡಿಗೆಯೂ ಅಲ್ಲ,
ತನ್ನ ದುಡ್ಡಿಗೆ ತಾನೇ ಕೂತ ಕಾವಲು.
ಅವಳ ಪಟ್ಟಿಯಲ್ಲಿ ಇದಕ್ಕೊಂದು ಕಾಲಮ್ಮಿಲ್ಲ.

ಮಲ್ಸುನ್ ಕೇಳಿಸಿಕೊಂಡಳು.
ತನ್ನ ಬಟ್ಟಲಿನ ಮೊಟ್ಟೆ ಎತ್ತಿ ಹುಡುಗಿಯ ಬಟ್ಟಲಿಗೆ ಹಾಕಿದಳು.
ತನ್ನದನ್ನು ಹೇಳಲಿಲ್ಲ:
ಗುನ್ಸಾನ್‌ನಲ್ಲಿ ಅವಳಿಗೆ ಸ್ವಂತದ ಎರಡು ಕೋಣೆ.
ಹಡಗುಕಟ್ಟೆ ಮಂಕಾದಾಗ ಅಗ್ಗಕ್ಕೆ ಸಿಕ್ಕಿದ್ದು.
ಅದನ್ನು ಬಾಡಿಗೆಗೆ ಕೊಟ್ಟು
ಸಿಯೋಲ್‌ನ ನೆಲಮಾಳಿಗೆಯೊಂದರಲ್ಲಿ ತಾನು ಬಾಡಿಗೆಗೆ.
ಅಲ್ಲಿಂದ ಬರುವುದು ಇಲ್ಲಿಯ ಅರ್ಧಕ್ಕೂ ಸಾಲದು.
ಒಂದೇ ದೇಹ, ಎರಡು ಊರು.
ಒಂದನೇ ತಾರೀಕು ಬೆಳಗ್ಗೆ ಒಡತಿ,
ಸಂಜೆಗೆ ಒಕ್ಕಲು.

ಮೂರು ಗಂಟೆಗೆ, ಏಣಿಯ ಮೇಲಿರುವಾಗ, ಫೋನು.
ಗುನ್ಸಾನ್‌ನ ಬಾಡಿಗೆಯವನು, ಮೀನು ಮಾರುಕಟ್ಟೆಯ ಗದ್ದಲದ ನಡುವೆ,
ನೂರು ಕ್ಷಮೆ ಕೇಳಿ ಶುರು ಮಾಡಿದ:
ಉತ್ತರದ ಗೋಡೆಗೆ ಬೂಷ್ಟು, ಮಗುವಿಗೆ ಕೆಮ್ಮು,
ಕಾಗದ ಬದಲಿಸಬಹುದೇ.

‘ಬಿಳಿ,’ ಎಂದಳು ಮಲ್ಸುನ್, ಯೋಚಿಸದೆ,
‘ಎಲ್ಲಕ್ಕಿಂತ...’

ಕೆಳಗೆ ಏಣಿ ಹಿಡಿದಿದ್ದ ನಾರೆ
ತಲೆ ಎತ್ತಿ ನೋಡಿದಳು.

ಮುಂದಿನ ಪದ ಬರಲಿಲ್ಲ.
ಆ ಕಡೆಯವನು ಕಾಯುತ್ತಲೇ ಇದ್ದ.
ಕೈಯಲ್ಲಿದ್ದ ಪಟ್ಟೆ ಅರ್ಧಕ್ಕೆ ಜಾರಿ ಜೋತಾಡುತ್ತಿತ್ತು.
ಇಡಲೆಂದು ಎಳೆದರೆ ಫೋನು ಬಿಡದು,
ಅಂಟಿನಲ್ಲಿ
ಕೆನ್ನೆಗೇ ಹತ್ತಿಕೊಂಡಿತ್ತು.